ಮಗು ನಂಬಿ ಹೇಳಿದ ಮಾತು

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನು ಹುಡುಗಿ, ಬೇರೆ ಹೆಸರಿನಿಂದ ಕರೆಯಿರಿ ಎಂದು ಗುಟ್ಟಾಗಿ ಕೇಳಿಕೊಂಡಿದ್ದಾನೆ. ತಂದೆ ತಾಯಿಗೆ ತಿಳಿಸುವುದು ನನ್ನ ಕರ್ತವ್ಯವಲ್ಲವೇ?

ಉತ್ತರ: ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮಗುವನ್ನು ಒಂದು ಮಾತೂ ಕೇಳಿರುವುದಿಲ್ಲ. ಮೊದಲು ಅವಳನ್ನು ಕೇಳಿ: ಮನೆಯಲ್ಲಿ ಯಾರಿಗಾದರೂ ಗೊತ್ತೇ? ಗೊತ್ತಾದರೆ ಹೊಡೆಯುತ್ತಾರೆಯೇ, ಓದು ಬಿಡಿಸುತ್ತಾರೆಯೇ? ಅಲ್ಲಿಯವರೆಗೆ ಮನೆಗೆ ಫೋನ್ ಮಾಡಬೇಡಿ, ಸಿಬ್ಬಂದಿ ಕೊಠಡಿಯಲ್ಲೂ ಬಾಯಿ ಬಿಡಬೇಡಿ. ಮನೆಯವರೇ ಹೊರಗೆ ಹಾಕಿದ ಮಕ್ಕಳ ಎದುರು ಕುಳಿತು ಮಾತನಾಡಿದವಳು ನಾನು. ಇಲ್ಲಿ ಎಚ್ಚರಿಕೆ ಅತಿಯಾದರೂ ಚಿಂತೆಯಿಲ್ಲ. ಅವಳು ಸಾಯುವ ಮಾತು ಆಡಿದರೆ ಮಾತ್ರ ಸುಮ್ಮನಿರುವಂತಿಲ್ಲ. ಆಗಲೂ ಅವಳಿಗೆ ಮೊದಲೇ ತಿಳಿಸಿ, ಮನೆಯವರಿಗೆ ಜೀವಕ್ಕಿರುವ ಅಪಾಯವನ್ನಷ್ಟೇ ಹೇಳಿ. ಲಿಂಗತ್ವದ ವಿಷಯ ಎತ್ತಬೇಕಾಗಿಲ್ಲ.

ಹೆಸರಿನಲ್ಲೇನಿದೆ ಎನ್ನುವವರಿಗೆ: 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 129 ಟ್ರಾನ್ಸ್ ಯುವಜನರನ್ನು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರನ್ನು, ಗಮನಿಸಿತು. ತಾವು ಆರಿಸಿಕೊಂಡ ಹೆಸರು ಹೆಚ್ಚು ಕಡೆ ಬಳಕೆಯಲ್ಲಿದ್ದವರಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಯೂ ಕಡಿಮೆಯಿದ್ದವು. ನಮ್ಮ ಭಾಷೆಯಲ್ಲಿ ಹೆಸರು ಬದಲಿಸಿದರಷ್ಟೇ ಸಾಲದು. ‘ಬಂದ’, ‘ಬಂದಳು’ ಎಂದು ಕ್ರಿಯಾಪದದ ತುದಿಯಲ್ಲೂ ಲಿಂಗ ಕೂತಿರುತ್ತದೆ. ಇಬ್ಬರೇ ಇದ್ದಾಗ ಅವಳು ಕೇಳಿದಂತೆ ಕರೆಯಿರಿ. ತರಗತಿಯಲ್ಲಿ ಗುಟ್ಟು ಉಳಿಯಬೇಕೆಂದು ಅವಳು ಬಯಸಿದರೆ ಎಲ್ಲ ಮಕ್ಕಳಿಗೂ ಬಹುವಚನ ಬಳಸಿ, ಹಾಜರಿಗೆ ಕ್ರಮಸಂಖ್ಯೆ ಕೂಗಿ. ಯಾರ ಕಣ್ಣೂ ಅವಳತ್ತ ತಿರುಗುವುದಿಲ್ಲ.

ಇನ್ನೊಂದು. ಶಾಲೆ ಬಿಟ್ಟಾಗ ಅವಳ ನೀರಿನ ಬಾಟಲಿ ನೋಡಿ. ಬೆಳಿಗ್ಗೆ ತುಂಬಿಸಿದ ನೀರು ಹಾಗೇ ಇದೆಯೇ? ಶೌಚಾಲಯಕ್ಕೆ ಹೋಗಲು ಹೆದರುವ ಮಕ್ಕಳು ದಿನವಿಡೀ ನೀರು ಕುಡಿಯುವುದಿಲ್ಲ, ಮೂತ್ರ ತಡೆದು ಸೋಂಕು ತಂದುಕೊಳ್ಳುತ್ತಾರೆ. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಚಿಲಕ ಗಟ್ಟಿಯಿರುವ ಒಂದು ಶೌಚಾಲಯ ಸಾಕು. ಅದರ ಕೀಲಿ ಮುಖ್ಯೋಪಾಧ್ಯಾಯರ ಮೇಜಿನೊಳಗೆ ಇರಬಾರದು.

ಪ್ರಶ್ನೆ: ಸಲಿಂಗಿಯಾದ ಮಗನನ್ನು ಮೂರು ತಿಂಗಳಲ್ಲಿ ‘ಸರಿಪಡಿಸುವ’ ಭರವಸೆಯನ್ನು ಒಬ್ಬರು ಕೊಟ್ಟಿದ್ದಾರೆ. ಕಳುಹಿಸಲೇ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಇಲ್ಲದ ರೋಗಕ್ಕೆ ಮದ್ದು ಮಾರುವವನು ವಂಚಕ, ಹೆಸರಿನ ಮುಂದೆ ಯಾವ ಪದವಿಯೇ ಇರಲಿ. ಅವನ ಕೈಗೆ ಸಿಕ್ಕ ಮಕ್ಕಳು ಗಾಯಗೊಂಡು ಮರಳುತ್ತಾರೆ.

ಪ್ರಶ್ನೆ: ಒಬ್ಬರನ್ನು ನೋಡಿ ಉಳಿದ ಮಕ್ಕಳೂ ಹಾಗಾಗುವುದಿಲ್ಲವೇ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಮತ್ತೆ ಉತ್ತರಿಸುವುದಿಲ್ಲ.

ಪ್ರಶ್ನೆ: ಹುಡುಗರ ಸಾಲು, ಹುಡುಗಿಯರ ಸಾಲು ಬಿಟ್ಟರೆ ಶಿಸ್ತು ಹೇಗೆ?

ಉತ್ತರ: ಎತ್ತರದ ಪ್ರಕಾರ ನಿಲ್ಲಿಸಿ.