ವಾಟ್ಸಾಪ್‌ನಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಲು ಬಿಡುವುದು ಯಾಕೆ?

ಇದರ ಹಿಂದೆ ಬೇಸರದ ಕತೆಯಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ದೇಶದ ಹಲವು ಕಡೆ ವಾಟ್ಸಾಪ್‌ನಲ್ಲಿ ಹರಡಿತ್ತು. ಆ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್‌ನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಕಂಪನಿ ಭಾರತದಲ್ಲಿ ಐದರ ಮಿತಿ ಘೋಷಿಸಿತು. 2019ರ ಜನವರಿಯಲ್ಲಿ ಅದು ಇಡೀ ಜಗತ್ತಿಗೆ ಬಂತು.

ಮೆಸೇಜಿನಲ್ಲಿ ಏನಿದೆ ಎಂದು ಕಂಪನಿ ಓದಲಾಗದು, ಅದು ಗೂಢಲಿಪಿಯಲ್ಲಿ ಹೋಗುತ್ತದೆ. ಹಾಗಾಗಿ ಸುಳ್ಳನ್ನು ಹುಡುಕಿ ಅಳಿಸುವ ಬದಲು ಅದರ ಓಟವನ್ನು ನಿಧಾನ ಮಾಡಿದರು, ರಸ್ತೆಗೆ ಹಂಪ್ ಹಾಕಿದ ಹಾಗೆ. ಆದರೆ ಐದು ಅಂದರೆ ಐದು ಜನ ಅಲ್ಲ, ಐದು ಚಾಟ್. ಒಂದು ಗ್ರೂಪ್ ಕೂಡ ಒಂದೇ ಲೆಕ್ಕ! ಆಗ ಗ್ರೂಪಿನಲ್ಲಿ 256 ಜನ ಇರಬಹುದಿತ್ತು, ಅಂದರೆ ಐದು ಗ್ರೂಪಿಗೆ ಕಳಿಸಿದರೆ ಸಾವಿರ ಜನ ದಾಟುತ್ತಿತ್ತು. 2020ರ ಏಪ್ರಿಲ್‌ನಲ್ಲಿ, ಕೈಯಿಂದ ಕೈಗೆ ಜಾಸ್ತಿ ದಾಟಿದ, ಜೋಡಿ ಬಾಣದ ಗುರುತಿರುವ ಮೆಸೇಜಿಗೆ ಒಮ್ಮೆಗೆ ಒಂದೇ ಚಾಟ್ ಎಂದು ಬಿಗಿ ಮಾಡಿದರು.

ನನಗನಿಸುವುದು, ತೊಡಕು ಸಂಖ್ಯೆಯದಲ್ಲ. ಸುದ್ದಿ ಎಲ್ಲಿ ಹುಟ್ಟಿತು ಅಂತ ನಾವು ನೋಡುವುದಿಲ್ಲ. ಕಳಿಸಿದ್ದು ಸೋದರಮಾವ ಅಲ್ವಾ, ಸುಮ್ನೆ ನಂಬುತ್ತೇವೆ.