ಸೋಮವಾರ ನೊಗ ಏರದ ಹೆಗಲು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ರಾತ್ರಿ ಎರಡು ಗಂಟೆಯವರೆಗೆ ಫೋನಿನಲ್ಲಿ ರಾಜಕೀಯ ಸುದ್ದಿಗಳನ್ನೇ ನೋಡುತ್ತ ಕೂರುವುದಾಗಿ, ಬೆಳಿಗ್ಗೆ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದಾಗಿ, ಒಂದು ದಿನ ಎಲ್ಲವನ್ನೂ ಬದಿಗಿಟ್ಟು ಸುಮ್ಮನಿರೋಣವೆಂದರೆ ಊರಿಗೆ ಬೆಂಕಿ ಬಿದ್ದಾಗ ಮುಸುಕೆಳೆದು ಮಲಗಿದಂತೆ ಅಳುಕಾಗುವುದಾಗಿ ಬರೆದಿದ್ದೀರಿ. ಗೆಳೆಯರೊಡನೆ ಕಟ್ಟಿಕೊಂಡಿರುವ ಚಿಕ್ಕ ಗುಂಪಿನಲ್ಲಿ ಉತ್ತರಿಸುವುದು ತಡವಾದರೆ ಅವರು ಸಿಟ್ಟಾಗುತ್ತಾರೆಂದೂ ಹೇಳಿದ್ದೀರಿ. ಇಂಥ ಕಾಲದಲ್ಲಿ ದಣಿವಾರಿಸಿಕೊಳ್ಳುವುದು ಸ್ವಾರ್ಥವೇ, ಅಲ್ಲವಾದರೆ ಅದನ್ನು ಮಾಡುವ ಬಗೆ ಯಾವುದು ಎಂಬುದು ನಿಮ್ಮ ಪ್ರಶ್ನೆ. ನಾನು ಮನೋವೈದ್ಯನಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕನಾಗಿದ್ದು ನಿವೃತ್ತನಾದವನು, ನಿವೃತ್ತಿಯ ನಂತರ ನೀರಿಗಾಗಿ ನಡೆದ ಒಂದು ದೀರ್ಘ ಧರಣಿಯಲ್ಲಿ ಕೂತು ಎದ್ದವನು. ಆ ಅನುಭವದಿಂದ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲಿಗೆ ಒಂದು ಮಾತು, ಸ್ವಲ್ಪ ಕಟುವೆನಿಸಿದರೆ ಕ್ಷಮಿಸಿ. ದುಡಿದು ಬರುವ ದಣಿವು ಬೇರೆ, ನೋಡಿ ನೋಡಿ ಬರುವ ದಣಿವು ಬೇರೆ. ರಾತ್ರಿ ಎರಡರವರೆಗೆ ನೀವು ನೋಡಿದ ಸುದ್ದಿಯಿಂದ ಯಾರ ಮನೆಯ ಗೋಡೆಯೂ ಉಳಿಯಲಿಲ್ಲ, ಯಾವ ಕಾನೂನೂ ಬದಲಾಗಲಿಲ್ಲ. ಆದರೂ ಕಾವಲು ಕಾದವನ ಹಾಗೆ ನಿಮ್ಮ ಮೈ ಸೋತಿದೆ. ಈ ಎರಡನೆಯ ಬಗೆಯ ದಣಿವಿಗೆ ನಿದ್ದೆಯೊಂದೇ ಮದ್ದಲ್ಲ, ಕೈಗೆ ಒಂದು ಸಣ್ಣ ಕೆಲಸವೂ ಬೇಕು. ನಾನು ಹಲವು ವರ್ಷ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮನೆಮನೆ ತಿರುಗಿದ್ದೇನೆ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ನಮೂನೆ 6, ಹೆಸರು ತೆಗೆಸಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿಗೆ ನಮೂನೆ 8 ಎಂಬಷ್ಟು ತಿಳಿದು, ತನ್ನ ಬೀದಿಯ ಇಪ್ಪತ್ತು ಮನೆಗಳ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದು ನೋಡಿ ಬಂದವನಿಗೆ ಆ ರಾತ್ರಿ ನಿದ್ದೆ ಬರುತ್ತದೆ. ಇದು ದೊಡ್ಡ ಕ್ರಾಂತಿಯಲ್ಲ, ಆದರೆ ಇದಕ್ಕೆ ಒಂದು ಕೊನೆಯಿದೆ. ಇಪ್ಪತ್ತನೆಯ ಮನೆಯ ನಂತರ ಚಪ್ಪಲಿ ಬಿಟ್ಟು ಒಳಗೆ ಬರಬಹುದು. ಸುದ್ದಿಗೆ ಅಂಥ ಇಪ್ಪತ್ತನೆಯ ಮನೆಯಿಲ್ಲ.

ಇನ್ನು ನಿಜವಾಗಿ ದುಡಿದವರ ದಣಿವಿನ ವಿಷಯ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಎಷ್ಟೋ ಕಡೆ ಸಿಕ್ಕ ನೀರಿನಲ್ಲೂ ಫ್ಲೋರೈಡ್ ಇದೆ. ಧರಣಿಗೆ ಕೂತದ್ದು ಅದಕ್ಕೆ. ಮೊದಲ ಮೂರು ವಾರ ನಾನು ಒಂದು ದಿನವೂ ತಪ್ಪಿಸಲಿಲ್ಲ, ಅದೇ ನನ್ನ ಹೆಮ್ಮೆಯಾಗಿತ್ತು. ನಾಲ್ಕನೆಯ ವಾರ ಒಬ್ಬ ವೃದ್ಧೆ ಟೆಂಟಿನ ಬಳಿ ಬಂದು, ‘ನೀರು ಯಾವಾಗ ಬತ್ತದೆ ಮೇಷ್ಟ್ರೇ?’ ಎಂದು ಕೇಳಿದರು. ನಾನು ಆಕೆಯ ಮೇಲೆ ರೇಗಿದೆ, ಎಲ್ಲರೆದುರಿಗೆ. ಯಾರಿಗಾಗಿ ಕೂತಿದ್ದೆನೋ ಅವರನ್ನೇ ಗದರಿಸಿದ ಮೇಲೆ ನನ್ನ ಹಾಜರಿಗೆ ಯಾವ ಬೆಲೆ ಉಳಿಯಿತೆಂದು ಆ ಸಂಜೆ ಮನೆಗೆ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ, ಉತ್ತರ ಹೊಳೆಯಲಿಲ್ಲ.

ಉತ್ತರ ಹೊಳೆದದ್ದು ನಮ್ಮೊಡನಿದ್ದ ನಿವೃತ್ತ ಬಸ್ ಕಂಡಕ್ಟರೊಬ್ಬರಿಗೆ. ಅವರ ಆಯುಷ್ಯವೆಲ್ಲ ಡ್ಯೂಟಿ ಚಾರ್ಟಿನಲ್ಲಿ ಕಳೆದಿತ್ತು. ಮರುದಿನ ಅವರು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿಕೊಂಡು ಬಂದರು: ಒಂದರ ಮೇಲೆ ‘ನಾಳೆ ಬರಬೇಕಾದವರು’, ಇನ್ನೊಂದರ ಮೇಲೆ ‘ನಾಳೆ ಬರಬಾರದವರು’. ಎರಡನೆಯದರಲ್ಲಿ ನನ್ನ ಹೆಸರೇ ಮೊದಲಿತ್ತು. ‘ಮೇಷ್ಟ್ರೇ, ನಿಮಗೆ ನಾಳೆ ವೀಕ್ಲಿ ಆಫ್. ಟೆಂಟಿನ ಹತ್ತಿರ ಕಾಣಿಸಿಕೊಂಡರೆ ಜನರೆದುರೇ ವಾಪಸು ಕಳಿಸುತ್ತೇನೆ’ ಎಂದರು. ನನಗೆ ಅವಮಾನವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನಿಲ್ಲದೆಯೂ ಧರಣಿ ನಡೆಯುತ್ತದೆ ಎಂಬುದು ಅಷ್ಟು ಸುಲಭಕ್ಕೆ ಅರಗುವ ಸಂಗತಿಯಲ್ಲ. ಆದರೆ ಟೆಂಟು ಮುಂದೆ ಅಷ್ಟು ತಿಂಗಳು ನಿಂತದ್ದು ಆ ಎರಡನೆಯ ಕಾಲಮಿನಿಂದ.

ಇದೇ ಲೆಕ್ಕವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ದೆಹಲಿಯ ಗಡಿಗಳಲ್ಲಿ ಕೂತ ರೈತರು. 2020ರ ನವೆಂಬರ್ ಕೊನೆಯಲ್ಲಿ ಸಿಂಘು, ಟಿಕ್ರಿಗಳಲ್ಲಿ ಬೀಡುಬಿಟ್ಟವರು 2021ರ ಡಿಸೆಂಬರಿನವರೆಗೆ, ಅಂದರೆ ಒಂದು ವರ್ಷಕ್ಕೂ ಮಿಕ್ಕಿ, ಅಲ್ಲಿದ್ದರು. ಆ ಹೋರಾಟದ ಬೇಡಿಕೆಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅವರು ವರ್ಷಕಾಲ ತಾಳಿದ್ದು ಹೇಗೆಂಬುದನ್ನು ಗಮನಿಸಬೇಕು. ಪಂಜಾಬಿನ ಹಳ್ಳಿಗಳು ಪಾಳಿ ಹಾಕಿಕೊಂಡವು. ಒಂದು ತಂಡ ಕೆಲವು ದಿನ ಗಡಿಯಲ್ಲಿದ್ದು ಊರಿಗೆ ಮರಳುವುದು, ಆಗ ಇನ್ನೊಂದು ತಂಡ ಹೊರಡುವುದು. ಹೋದವರ ಗೋಧಿಗೆ ನೀರು ಹಾಯಿಸುವುದು ಊರಲ್ಲಿ ಉಳಿದವರ ಹೊಣೆ. ಪಾಳಿಗೆ ಹೋಗದ ಮನೆಗಳಿಗೆ ದಂಡ ಹಾಕಲು ನಿರ್ಣಯಿಸಿದ ಪಂಚಾಯಿತಿಗಳೂ ಇದ್ದವು, ಆ ದಂಡದ ಮಾತು ನನಗೆ ಹಿಡಿಸದು. ಆದರೆ ಊರಿಗೆ ಮರಳಿ ಹಟ್ಟಿಯಲ್ಲಿ ಎಮ್ಮೆ ಕರೆಯುತ್ತಿದ್ದವನನ್ನು ಯಾರೂ ಹೇಡಿ ಎನ್ನಲಿಲ್ಲ, ಅವನು ಪಾಳಿ ಮುಗಿಸಿ ಬಂದವನು, ಮತ್ತೆ ಹೋಗುವವನು.

ನಿಮ್ಮ ಅಳುಕಿನ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಹೇಳದೆ ಕೇಳದೆ ಮಾಯವಾಗುವುದು ತೊರೆದು ಹೋಗುವುದು. ಇಂಥ ದಿನ ನಾನಿಲ್ಲ, ನನ್ನ ಬದಲು ಇಂಥವರಿದ್ದಾರೆ ಎಂದು ಹೇಳಿ ಹೋಗುವುದು ಪಾಳಿ. ಎರಡರಲ್ಲೂ ನೀವು ಮನೆಯಲ್ಲಿ ಕಾಲು ಚಾಚಿ ಮಲಗಿರುತ್ತೀರಿ, ಆದರೆ ನಿದ್ದೆ ಬರುವುದು ಎರಡನೆಯದರಲ್ಲಿ ಮಾತ್ರ.

ನಮ್ಮ ಮನೆಯಿಂದ ನೋಡಿದರೆ ನಂದಿ ಬೆಟ್ಟ ಕಾಣುತ್ತದೆ. 1927ರ ಬೇಸಿಗೆಯಲ್ಲಿ ಗಾಂಧೀಜಿ ಅಲ್ಲಿ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿಗಾಗಿ ಇದ್ದರು. ಆ ವರ್ಷ ಮಾರ್ಚಿನಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಲಾಪುರದಲ್ಲಿ ರಕ್ತದೊತ್ತಡ ಏರಿ ಕುಸಿದಿದ್ದರು. ವೈದ್ಯರು ಪ್ರವಾಸ ನಿಲ್ಲಿಸಲೇಬೇಕೆಂದರು. ಕಾಲವೇನೂ ನೆಮ್ಮದಿಯದಾಗಿರಲಿಲ್ಲ. ಹಿಂದಿನ ಡಿಸೆಂಬರಿನಲ್ಲಷ್ಟೇ ಆರ್ಯಸಮಾಜದ ನಾಯಕ ಸ್ವಾಮಿ ಶ್ರದ್ಧಾನಂದರ ಕೊಲೆಯಾಗಿತ್ತು, ಹಿಂದೂ ಮುಸ್ಲಿಮರ ನಡುವಿನ ಸಂಬಂಧ ಕೆಟ್ಟಿತ್ತು. ಆದರೂ ಏಪ್ರಿಲಿನಿಂದ ಜೂನ್ ಆರಂಭದವರೆಗೆ ಅವರು ಬೆಟ್ಟದ ಮೇಲೆ, ಈಗ ಗಾಂಧಿ ನಿಲಯವೆಂದು ಕರೆಯುವ ಕನ್ನಿಂಗ್‌ಹ್ಯಾಮ್ ಬಂಗಲೆಯಲ್ಲಿ ಉಳಿದರು. ಕಾಂಗ್ರೆಸ್ ನಾಯಕರಾದ ಗಂಗಾಧರರಾವ್ ದೇಶಪಾಂಡೆ ಮತ್ತು ರಾಜಾಜಿಯಂಥವರು ಪ್ರವಾಸದ ಏರ್ಪಾಡುಗಳ ಭಾರ ಹೊತ್ತಿದ್ದರಿಂದ ಅದು ಸಾಧ್ಯವಾಯಿತು. ಅಲ್ಲಿಂದಲೂ ಅವರು ಪತ್ರಗಳನ್ನು ಬರೆಯುತ್ತಲೇ ಇದ್ದರು ಎಂಬುದು ಬೇರೆ ಮಾತು; ಪೂರ್ತಿ ಕೈಬಿಡುವುದು ಅವರ ಸ್ವಭಾವದಲ್ಲಿರಲಿಲ್ಲ, ಬಹುಶಃ ನಿಮ್ಮ ಸ್ವಭಾವದಲ್ಲೂ ಇರಲಾರದು. ಆದರೆ ನಂದಿಗೆ ಬಂದದ್ದು ದೇಹ ಕುಸಿದ ಮೇಲೆ. ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಅವರ ಇನ್ನೊಂದು ರೂಢಿಯನ್ನು, ಕುಸಿಯುವವರೆಗೆ ಕಾಯದ ರೂಢಿಯನ್ನು.

ಅದು ಸೋಮವಾರದ ಮೌನ. ವಾರಕ್ಕೊಂದು ದಿನ ಅವರು ಮಾತನಾಡುತ್ತಿರಲಿಲ್ಲ, ಅಗತ್ಯವಿದ್ದರೆ ಚೀಟಿಯಲ್ಲಿ ಬರೆಯುತ್ತಿದ್ದರು. 1947ರ ಜೂನ್ 2 ಸೋಮವಾರವಾಗಿತ್ತು. ದೇಶ ವಿಭಜನೆಯ ಯೋಜನೆಯನ್ನು ವೈಸರಾಯ್ ಮೌಂಟ್‌ಬ್ಯಾಟನ್ ನಾಯಕರ ಮುಂದಿಟ್ಟ ದಿನ ಅದು. ಅಂದು ಮಧ್ಯಾಹ್ನ ವೈಸರಾಯರನ್ನು ಕಂಡ ಗಾಂಧೀಜಿ ಮಾತನಾಡದೆ ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆದು ತೋರಿಸಿದರು. ಮೌನದ ನಿಯಮ ಮಾಡಿಕೊಂಡಾಗಲೇ ತಾನು ಎರಡು ವಿನಾಯಿತಿಗಳನ್ನು ಇಟ್ಟುಕೊಂಡಿದ್ದಾಗಿ, ಒಂದು ತುರ್ತು ವಿಷಯಕ್ಕೆ ಉನ್ನತ ಅಧಿಕಾರದಲ್ಲಿರುವವರೊಡನೆ ಮಾತನಾಡುವುದು, ಇನ್ನೊಂದು ರೋಗಿಗಳ ಶುಶ್ರೂಷೆಯೆಂದು ಆ ಚೀಟಿಗಳಲ್ಲೇ ಇದೆ. ಅಂದಿನ ಸಂದರ್ಭ ಆ ಮೊದಲ ವಿನಾಯಿತಿಗೆ ಹೇಳಿ ಮಾಡಿಸಿದಂತಿತ್ತು, ಆದರೂ ಅವರು ಅದನ್ನು ಬಳಸಲಿಲ್ಲ. ಅಂದು ಮೌನ ಮುರಿಯಬೇಕಿತ್ತೇ ಎಂಬ ವಾದ ಇರಲಿ. ನನಗೆ ಮುಖ್ಯವಾಗಿ ಕಂಡದ್ದು, ವಿನಾಯಿತಿಗಳನ್ನು ಮೊದಲೇ, ತಲೆ ತಣ್ಣಗಿದ್ದಾಗ ಗೊತ್ತುಮಾಡಿಕೊಂಡದ್ದು. ಬಿಕ್ಕಟ್ಟು ಬಂದ ಕ್ಷಣದಲ್ಲಿ ಎಲ್ಲವೂ ತುರ್ತಾಗಿಯೇ ಕಾಣುತ್ತದೆ.

ಸೋಮವಾರ ನಮಗೆ ಹೊಸದಲ್ಲ. ನಮ್ಮ ತಂದೆ ಸೋಮವಾರ ಎತ್ತು ಕಟ್ಟುತ್ತಿರಲಿಲ್ಲ. ಅದು ಬಸವಣ್ಣನ ದಿನ, ನಮ್ಮ ಕಡೆಯ ರೈತರೆಲ್ಲರೂ ಹಾಗೆಯೇ. ಮಳೆ ಬಿದ್ದು ಹೊಲ ಹದಕ್ಕೆ ಬಂದಿದ್ದರೂ ಸೋಮವಾರವೆಂದರೆ ನೊಗ ಕೊಟ್ಟಿಗೆಯಲ್ಲೇ. ತಂದೆ ಅಂದು ಸುಮ್ಮನೆ ಕೂರುತ್ತಿದ್ದರೆಂದಲ್ಲ, ಹಗ್ಗ ಹೊಸೆಯುತ್ತಿದ್ದರು, ಬದುವಿನ ಕಳೆ ಕೀಳುತ್ತಿದ್ದರು. ಎತ್ತು ದಣಿದಿದೆಯೇ ಇಲ್ಲವೇ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ದಣಿದರೆ ಬಿಡುವು ಎಂದಿದ್ದಿದ್ದರೆ, ಹದ ಆರುವ ಭಯದಲ್ಲಿ ಎತ್ತು ದಣಿದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಊರಲ್ಲಿ ಉಳಿದಿರುವ ಜೋಡೆತ್ತು ಬೆರಳೆಣಿಕೆಯಷ್ಟು, ಟ್ರ್ಯಾಕ್ಟರಿಗೆ ಸೋಮವಾರವಿಲ್ಲ.

ಹಾಗಾಗಿ ನನ್ನ ದಿನವೂ ಸೋಮವಾರ. ಅಂದು ಸುದ್ದಿ ನೋಡುವುದಿಲ್ಲ, ಗುಂಪುಗಳನ್ನು ತೆರೆಯುವುದಿಲ್ಲ, ರಾಜಕೀಯ ಮಾತಿಗೆ ಬಂದವರನ್ನು ಕಾಫಿ ಕೊಟ್ಟು ಬೇರೆ ಮಾತಿಗೆ ಎಳೆಯುತ್ತೇನೆ. ನನಗೂ ಎರಡು ವಿನಾಯಿತಿಗಳಿವೆ: ನಮ್ಮವರಲ್ಲಿ ಯಾರನ್ನಾದರೂ ಪೊಲೀಸ್ ಠಾಣೆಗೆ ಕರೆದೊಯ್ದಿದ್ದರೆ, ಯಾರಾದರೂ ಆಸ್ಪತ್ರೆಗೆ ಸೇರಿದ್ದರೆ. ಇವಕ್ಕೆ ಫೋನ್ ಕರೆ ಬರಬೇಕು, ಸಂದೇಶ ಸಾಲದು. ಉಳಿದ ಆರು ದಿನ ಬೆಳಿಗ್ಗೆ ಪತ್ರಿಕೆ ಓದುತ್ತೇನೆ, ಅಚ್ಚಾದದ್ದನ್ನೇ. ಅದರ ದೊಡ್ಡ ಗುಣವೆಂದರೆ ಕೊನೆಯ ಪುಟವೊಂದು ಇರುವುದು. ಟಿವಿಯ ಸಂಜೆಯ ಜಗಳಗಳನ್ನು ನೋಡುವುದು ಬಿಟ್ಟು ಮೂರು ವರ್ಷವಾಯಿತು, ಅದರಿಂದ ನನಗೆ ತಿಳಿಯದೆ ಹೋದ ಸಂಗತಿ ಯಾವುದೂ ಈವರೆಗೆ ಪತ್ತೆಯಾಗಿಲ್ಲ.

ಬಿಡುವಿನ ದಿನ ಏನು ಮಾಡಬೇಕೆಂಬುದಕ್ಕೆ ಒಂದೇ ಸಲಹೆ ಕೊಡಬಲ್ಲೆ: ಕೈಗಳೆರಡೂ ಹಿಡಿದಿರುವಂಥ ಕೆಲಸ ಇರಲಿ. ಬರೀ ಸುಮ್ಮನಿರಲು ಹೊರಟರೆ ಹತ್ತು ನಿಮಿಷಕ್ಕೆ ಕೈ ಫೋನಿನ ಕಡೆ ಹೋಗುತ್ತದೆ. ನಮ್ಮಲ್ಲಿ ಚಳಿಗಾಲ ಅವರೆಕಾಯಿಯ ಕಾಲ. ಕಾಳು ಬಿಡಿಸಿ, ನೀರಲ್ಲಿ ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಹಿತಕಿದ ಬೇಳೆ ಸಾರು ಮನೆಮಂದಿಗೆಲ್ಲ ಆಗಬೇಕಾದರೆ ನಾಲ್ಕು ಜನ ಗಂಟೆಗಟ್ಟಲೆ ಕೂರಬೇಕು, ಆ ಒದ್ದೆ ಅಂಟು ಕೈಯಲ್ಲಿ ಯಾರೂ ಫೋನ್ ಮುಟ್ಟಲಾರರು. ಚುನಾವಣೆಯ ಕಾಲದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದ ನನ್ನ ಭಾವಮೈದುನ ಒಂದು ಜನವರಿಯಲ್ಲಿ ಹೀಗೆ ಎದುರಿಗೆ ಕೂತು ಬೇಳೆ ಹಿತಕಿದ್ದಾರೆ. ಆ ವರ್ಷದ ಸೊಗಡು ಹೇಗಿದೆ ಎಂಬುದರ ಮೇಲೆ ನಮಗೆ ಒಂದೂವರೆ ಗಂಟೆ ಮಾತಿತ್ತು. ನೀವು ಬೆಂಗಳೂರಿನಲ್ಲಿದ್ದೀರೆಂದು ಕಾಣುತ್ತದೆ, ಅಲ್ಲಿಯೂ ಅವರೆಕಾಯಿಗೆ ಬರವಿಲ್ಲ. ಭಾನುವಾರ ಮುಂಜಾವಿನಲ್ಲಿ ನಂದಿಗೆ ಬರಬೇಡಿ, ಸೂರ್ಯೋದಯಕ್ಕಿಂತ ಕಾರುಗಳೇ ಹೆಚ್ಚು ಕಾಣುತ್ತವೆ. ವಾರದ ನಡುವೆ ಒಂದು ರಜೆ ಹಾಕಿ, ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ. ಏದುಸಿರಿನಲ್ಲಿ ಯಾವ ಮಂತ್ರಿಯ ಹೆಸರೂ ನೆನಪಿಗೆ ಬರುವುದಿಲ್ಲ.

ಒಂದನ್ನು ಮರೆಮಾಚಬಾರದು. ಈ ಬಿಡುವು ಎಲ್ಲರಿಗೂ ಸಿಗುವಂಥದ್ದಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ರೋಗಿಯಾಗಿದ್ದರೂ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್. ರಾಜಕೀಯ ಮನೆಬಾಗಿಲಿಗೇ ಬಂದವರಿಗೆ ಸೋಮವಾರ ಆರಿಸಿಕೊಳ್ಳುವ ಅನುಕೂಲವಿರುವುದಿಲ್ಲ. ಆದರೆ ಅಂಥವರ ಸಂಕಟವನ್ನು ನೆನೆದು ನಾವು ನಿದ್ದೆಗೆಟ್ಟರೆ ಅವರಿಗೆ ಒಂದು ಗುಟುಕು ಗಾಳಿಯೂ ಹೆಚ್ಚಿಗೆ ಸಿಗದು; ಅವರ ಮನೆಯವರೊಡನೆ ವಕೀಲರ ಕಚೇರಿಗೆ ಹೋಗಲು ಮಂಗಳವಾರ ಬೆಳಿಗ್ಗೆ ಎದ್ದು ನಿಲ್ಲಬಲ್ಲ ಒಬ್ಬರು ಬೇಕಿರುತ್ತದೆ.

ಇನ್ನು ನಿಮ್ಮ ಗೆಳೆಯರ ಸಿಟ್ಟಿನ ವಿಷಯ. ಬಿಡುವಿನ ಹಿಂದಿನ ಸಂಜೆಯೇ ಗುಂಪಿಗೆ ಎರಡು ಸಾಲು ಬರೆದುಬಿಡಿ: ‘ನಾಳೆ ನಾನು ಸಿಗುವುದಿಲ್ಲ, ತುರ್ತಿದ್ದರೆ ಇಂಥವರಿಗೆ ಕರೆ ಮಾಡಿ. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ನಾನಿರುತ್ತೇನೆ.’ ಆ ‘ಇಂಥವರನ್ನು’ ಮೊದಲೇ ಒಪ್ಪಿಸಿರಬೇಕು, ಅವರ ಬಿಡುವಿನ ದಿನ ನೀವು ಆ ಜಾಗದಲ್ಲಿ ನಿಲ್ಲಬೇಕು, ಮತ್ತು ಎಂಟು ಗಂಟೆಯೆಂದರೆ ಎಂಟಕ್ಕೇ ಬರಬೇಕು. ನಾನು ಮೊದಲ ಸಲ ಹೀಗೆ ಬರೆದಾಗ ಇಬ್ಬರು ಮುನಿಸಿಕೊಂಡರು, ಒಬ್ಬರು ‘ಮೇಷ್ಟ್ರಿಗೆ ವಯಸ್ಸಾಯಿತು’ ಎಂದರು. ಎರಡು ತಿಂಗಳಾದ ಮೇಲೆ, ಮುನಿಸಿಕೊಂಡವರಲ್ಲೇ ಒಬ್ಬರು ರಾತ್ರಿ ಕರೆ ಮಾಡಿ ಬುಧವಾರವನ್ನು ಯಾರಾದರೂ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿದರು.