ಪುನರುತ್ಥಾನವೆಂದರೆ ಪುನರ್ಜನ್ಮವೆ?

ಕ್ರೈಸ್ತರು ನಂಬುವ ಪುನರುತ್ಥಾನವೂ ನಾವು ಹೇಳುವ ಪುನರ್ಜನ್ಮವೂ ಒಂದೇ ಅಲ್ಲವೆ, ‘ನಿತ್ಯಜೀವ’ವೆಂದರೆ ಸಾವೇ ಇಲ್ಲದಿರುವುದೆ ಎಂದು ನೀವು ಕೇಳಿದ್ದೀರಿ. ಅವೆರಡೂ ಒಂದಲ್ಲ. ಪುನರ್ಜನ್ಮದಲ್ಲಿ ಜೀವವು ಹಳೆಯ ದೇಹವನ್ನು ಬಿಟ್ಟು ಬೇರೊಂದನ್ನು ಸೇರುತ್ತದೆ. ಪುನರುತ್ಥಾನದಲ್ಲಾದರೋ ಸತ್ತ ಅದೇ ವ್ಯಕ್ತಿಯನ್ನು, ಇನ್ನು ಸಾವಿಗೆ ಒಳಗಾಗದ ದೇಹದೊಡನೆ, ದೇವರು ಎಬ್ಬಿಸುತ್ತಾನೆ. ಸತ್ತಿದ್ದ ಬೆಥಾನಿ ಊರಿನ ಲಾಜರನು ಯೇಸು ಕರೆದಾಗ ಗೋರಿಯಿಂದ ಹೊರಬಂದದ್ದು ಈ ಅರ್ಥದ ಪುನರುತ್ಥಾನವಲ್ಲ, ಏಕೆಂದರೆ ಅವನು ಮರಳಿದ್ದು ಮತ್ತೆ ಸಾಯಬೇಕಾದ ಬದುಕಿಗೇ. ಯೇಸುವಿನ ವಿಷಯ ಬೇರೆ: ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದ ಆತನ ಕೈಗಳಲ್ಲಿ ಮೊಳೆಗಳ ಗುರುತು ಉಳಿದಿತ್ತು, ಆದರೂ ಮುಚ್ಚಿದ ಬಾಗಿಲು ಆತನನ್ನು ತಡೆಯಲಿಲ್ಲ ಎನ್ನುತ್ತದೆ ಬೈಬಲಿನ ಯೋಹಾನನ ಸುವಾರ್ತೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಇದಕ್ಕೆ, ಸತ್ತು ಹೊಸ ರೂಪದಲ್ಲಿ ಏಳುವ ಬಿತ್ತಿದ ಕಾಳಿನ ಹೋಲಿಕೆಯನ್ನು ಕೊಡುತ್ತಾನೆ. ನಮ್ಮ ಕಾಸರಗೋಡಿನ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ಕಿತ್ತು, ಬೇರಿನ ಬುಡದಲ್ಲಿ ಅಂಟಿಕೊಂಡ ಭತ್ತದ ಖಾಲಿ ಸಿಪ್ಪೆಯನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಿತ್ಯಜೀವವು ಬರಿಯ ಮುಗಿಯದ ಆಯುಷ್ಯವಲ್ಲ (ಅದು ಶಾಪವೂ ಆಗಬಹುದು). ದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ಅದೆಂದು ಯೋಹಾನನ 17ನೆಯ ಅಧ್ಯಾಯವು ಹೇಳುವುದರಿಂದ, ನಂಬಿದವರಿಗೆ ಅದು ಇಲ್ಲಿಯೇ ಮೊದಲಾಗಿರುತ್ತದೆ. ನವೆಂಬರ್ 2ರಂದು ಕಥೋಲಿಕರು ಗೋರಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ತೀರಿಹೋದವರಿಗಾಗಿ ಪ್ರಾರ್ಥಿಸುವುದು ಈ ನಂಬಿಕೆಯಿಂದಲೇ. ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಹಾಗೆ ಪ್ರಾರ್ಥಿಸುವುದಿಲ್ಲವಾದರೂ ಪುನರುತ್ಥಾನದ ನಿರೀಕ್ಷೆ ಇಬ್ಬರಿಗೂ ಸಮಾನವಾದುದು.